ನಂಬರ್ ಅಸಲಿ, ತಂದವನು ನಕಲಿ

(ನಕಲಿ ಕಂಪನಿಗಳು ಅಸಲಿಯಂತೆ ಕಾಣುವುದು ಹೇಗೆ? ಹೋಟೆಲು ಬಾಂಧವರಿಗೊಂದು ಪಾಠ)



ನಮ್ಮ ಪತ್ರಿಕೆಯಲ್ಲಿ ಲೈಸೆನ್ಸ್, ಜಿಎಸ್‌ಟಿ, ಕಾರ್ಮಿಕರ ಕಾನೂನು ಮುಂತಾದ ವಿಷಯಗಳ ಮೇಲೆ ತಿಳಿದವರು ಲೇಖನ ಬರೆಯುತ್ತಾರೆ. ನಾವು ಅಂಥ ತಿಳಿದವರಲ್ಲ. ಆದರೆ ಒಂದು ಪಾಠವನ್ನು ಮಾತ್ರ 1,24,950 ರೂಪಾಯಿ ಫೀ ಕಟ್ಟಿ ಕಲಿತಿದ್ದೇವೆ. ಅದು ನಿಮಗೆ ಪುಕ್ಕಟೆಯಾಗಿ ಸಿಗಲಿ ಎಂದು ಬರೆಯುತ್ತಿದ್ದೇವೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮ ಉದ್ಯೋಗದವರಿಗಾಗಿಯೇ ಹುಟ್ಟಿದಂತಿದೆ.

ನಡೆದ ಸಂಗತಿ

2022ರ ನವರಾತ್ರಿಗೆ ಮುಂಚಿನ ದಿನಗಳು. ಹಬ್ಬದ ಕ್ಯಾಟರಿಂಗ್ ಆರ್ಡರುಗಳು ಬಂದಿದ್ದವು. ಗೋಡಂಬಿ ತುಂಡಿಗೆ ನಮ್ಮ ಖಾಯಂ ವ್ಯಾಪಾರಿ ಕಿಲೋಗೆ 640 ರೂಪಾಯಿ ಹೇಳುತ್ತಿದ್ದರು. ಆಗ ಒಂದು ಫೋನ್ ಬಂತು. 'ದಕ್ಷಿಣ ಕನ್ನಡದ ಗೋಡಂಬಿ ಫ್ಯಾಕ್ಟರಿಯಿಂದ ಮಾತಾಡುವುದು' ಎಂದು ಶುದ್ಧ ನಮ್ಮ ಕಡೆಯ ಮಾತಿನಲ್ಲೇ ಶುರು ಮಾಡಿದ. ಊರು ಯಾವುದು, ಮನೆ ಎಲ್ಲಿ ಎಂದು ಅವನೇ ಕೇಳಿದ. ರೇಟು 595 ಎಂದ. ತೀರಾ ಕಡಿಮೆ ಹೇಳಿದ್ದರೆ ನಮಗೆ ಸಂಶಯ ಬರುತ್ತಿತ್ತು. ಇವನು ಆಸೆ ಹುಟ್ಟುವಷ್ಟು ಮಾತ್ರ ಇಳಿಸಿದ್ದ, ಸಂಶಯ ಹುಟ್ಟುವಷ್ಟಲ್ಲ.

ನಾವೂ ಕಣ್ಣು ಮುಚ್ಚಿ ದುಡ್ಡು ಕೊಡಲಿಲ್ಲ. ಜಿಎಸ್‌ಟಿ ನಂಬರ್ ಕೇಳಿದೆವು, ಕೊಟ್ಟ. ನಮ್ಮ ಲೆಕ್ಕ ಬರೆಯುವ ಹುಡುಗ ಪೋರ್ಟಲಿನಲ್ಲಿ ಹಾಕಿ ನೋಡಿದ. ಹೆಸರು, ವಿಳಾಸ ಸರಿಯಿತ್ತು, 'ಆ್ಯಕ್ಟಿವ್' ಎಂದು ಬಂತು. ವೆಬ್‌ಸೈಟ್ ಇತ್ತು, ಅದರಲ್ಲಿ ಫ್ಯಾಕ್ಟರಿಯ ಫೋಟೋ, ಬಿಳಿ ಟೊಪ್ಪಿ ಹಾಕಿದ ಹೆಂಗಸರು ಗೋಡಂಬಿ ಆರಿಸುವ ಫೋಟೋ ಇದ್ದವು. ನಾಲ್ಕು ದಿನದಲ್ಲಿ ಕೊರಿಯರಿನಲ್ಲಿ ಅರ್ಧ ಕಿಲೋ ಸ್ಯಾಂಪಲ್ ಬಂತು. ಮಾಲು ಒಳ್ಳೆಯದೇ ಇತ್ತು. ನಮ್ಮ ಭಟ್ಟರು ಬಾಯಿಗೆ ಹಾಕಿ ನೋಡಿ ತಲೆಯಾಡಿಸಿದರು.

'ನಿಮ್ಮ ಪರಿಚಯದವರಿಗೂ ಬೇಕಿದ್ದರೆ ಹೇಳಿ, ಲಾರಿ ಬಾಡಿಗೆ ಹಂಚಿಹೋಗುತ್ತದೆ' ಎಂದ. ನಾವು ಹತ್ತಿರದ ಇಬ್ಬರು ಹೋಟೆಲಿನವರಿಗೆ ಹೇಳಿದೆವು. ನಮಗೆ 100 ಕಿಲೋ, ಅವರಿಗೆ 50-50. ಒಟ್ಟು 200 ಕಿಲೋ, ನೂರಕ್ಕೆ 5ರಂತೆ ಜಿಎಸ್‌ಟಿ ಸೇರಿ 1,24,950 ರೂಪಾಯಿ. ಅರ್ಧ ಅಡ್ವಾನ್ಸ್ ಕಳಿಸಿದೆವು. ಎರಡು ದಿನದ ಮೇಲೆ ಲಾರಿ ಬಿಲ್ಟಿಯ ಫೋಟೋ ವಾಟ್ಸ್ಯಾಪಿನಲ್ಲಿ ಬಂತು. ಉಳಿದರ್ಧವನ್ನೂ ಕಳಿಸಿದೆವು.

ಮರುದಿನ ಬೆಳಿಗ್ಗೆ ಫೋನ್. 'ಲಾರಿಯನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದ್ದಾರೆ, 18,000 ಕಟ್ಟಬೇಕು, ಆಮೇಲೆ ಬಿಲ್ಲಿನಲ್ಲಿ ಕಳೆಯುತ್ತೇನೆ.' ನಾವು ಅದನ್ನೂ ಕಳಿಸುವವರೇ ಇದ್ದೆವು. ಲೆಕ್ಕದ ಹುಡುಗ ಗಲ್ಲೆಯ ಹತ್ತಿರ ನಿಂತು ಕೇಳಿದ: 'ಅಣ್ಣ, ಸೇಲ್ಸ್ ಟ್ಯಾಕ್ಸಿನ ಚೆಕ್‌ಪೋಸ್ಟ್ ಈಗ ಎಲ್ಲುಂಟು?' 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಆ ಚೆಕ್‌ಪೋಸ್ಟುಗಳು ಎತ್ತಿಹೋಗಿದ್ದವು. ನಮಗೂ ಗೊತ್ತಿದ್ದ ವಿಷಯವೇ. ಆದರೆ ಆ ಹೊತ್ತಿಗೆ ತಲೆಗೆ ಹೋಗಲಿಲ್ಲ. ಅವನಿಗೆ ತಿರುಗಿ ಫೋನ್ ಮಾಡಿ ಇ-ವೇ ಬಿಲ್ ನಂಬರ್ ಕೇಳಿದೆವು. ಫೋನ್ ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಊರಿನಲ್ಲಿರುವ ನಮ್ಮ ಭಾವನವರು ಜಿಎಸ್‌ಟಿಯಲ್ಲಿದ್ದ ವಿಳಾಸಕ್ಕೆ ಸ್ಕೂಟರಿನಲ್ಲಿ ಹೋದರು. ಅಲ್ಲಿ ನಿಜವಾಗಿ ಒಂದು ಗೋಡಂಬಿ ವ್ಯಾಪಾರ ಇತ್ತು. ಯಜಮಾನರು ವಯಸ್ಸಾದವರು. ಅವರಿಗೆ ನಮ್ಮ ಆರ್ಡರಿನ ಗಂಧಗಾಳಿಯೂ ಇಲ್ಲ. 'ಈ ತಿಂಗಳು ನನ್ನನ್ನು ಕೇಳಿಕೊಂಡು ಬಂದವರಲ್ಲಿ ನೀವು ನಾಲ್ಕನೆಯವರು. ನಲ್ವತ್ತು ವರ್ಷದ ಹೆಸರು, ಯಾರೋ ಮಾರುತ್ತಿದ್ದಾನೆ' ಎಂದು ಅತ್ತರಂತೆ. ಭಾವ ಹೋಗಿ ಬರಲು 20 ನಿಮಿಷ ಹಿಡಿದಿತ್ತು. ದುಡ್ಡು ಕಳಿಸುವ ಮುಂಚೆ ಆ 20 ನಿಮಿಷ ನಮಗೆ ಹೊಳೆಯಲಿಲ್ಲ.

ಪಾಠ ಇಷ್ಟೇ

ಮೋಸಗಾರ ತನ್ನದೇ ವಿಶ್ವಾಸವನ್ನು ಕಟ್ಟುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಬೇಕು. ಅವನು ಇನ್ನೊಬ್ಬರು ಕಟ್ಟಿದ್ದನ್ನು ಎರವಲು ತರುತ್ತಾನೆ. ನಮ್ಮ ಗೋಡಂಬಿಯವನು ಏನೇನು ಎರವಲು ತಂದಿದ್ದ ಎಂದು ಲೆಕ್ಕ ಹಾಕೋಣ.

ಜಿಎಸ್‌ಟಿ ನಂಬರ್: ಇದು ಗುಟ್ಟಿನ ವಸ್ತುವಲ್ಲ. ನಮ್ಮ ನಿಮ್ಮ ಹೋಟೆಲಿನ ಪ್ರತಿ ಬಿಲ್ಲಿನ ಮೇಲೂ ಅಚ್ಚಾಗಿರುತ್ತದೆ. ಯಾರು ಬೇಕಾದರೂ ಬರೆದುಕೊಳ್ಳಬಹುದು. ಪೋರ್ಟಲ್ ಹೇಳುವುದು 'ಈ ಹೆಸರಿನ ವ್ಯಾಪಾರ ಉಂಟು' ಎಂದು ಮಾತ್ರ. 'ಫೋನಿನಲ್ಲಿರುವವನು ಆ ವ್ಯಾಪಾರದವನು' ಎಂದು ಅದು ಹೇಳುವುದಿಲ್ಲ. ನಾವು ಎಡವಿದ್ದು ಇಲ್ಲೇ. ನಂಬರ್ ಅಸಲಿಯೇ ಇತ್ತು, ತಂದವನು ನಕಲಿ.

ಸರಕಾರದ ಮುದ್ರೆ: ಅವನು ಉದ್ಯಮ್ ಸರ್ಟಿಫಿಕೇಟಿನ ಪ್ರತಿಯನ್ನೂ ಕಳಿಸಿದ್ದ. 2020ರ ಜುಲೈ 1ರಿಂದ ನಡೆಯುತ್ತಿರುವ ಈ ನೋಂದಣಿ ಸ್ವಂತ ಹೇಳಿಕೆಯ ಮೇಲೆ, ಪುಕ್ಕಟೆಯಾಗಿ, ಆನ್‌ಲೈನ್‌ನಲ್ಲಿ ಆಗುವಂಥದ್ದು. ಅದು ಸಣ್ಣ ಉದ್ಯಮದ ನೋಂದಣಿಯೇ ಹೊರತು ಮಾಲಿಗೋ ಪ್ರಾಮಾಣಿಕತೆಗೋ ಸರಕಾರ ಕೊಟ್ಟ ಗ್ಯಾರಂಟಿ ಅಲ್ಲ. ಮೇಲಾಗಿ ಫೋಟೋದಲ್ಲಿ ಹೆಸರು ತಿದ್ದುವುದು ಇಂದು ಮಕ್ಕಳಿಗೂ ಬರುತ್ತದೆ.

ವೆಬ್‌ಸೈಟ್: ಡಾಟ್ ಕಾಮ್ ಹೆಸರು ಕೊಳ್ಳಲು ಕೆಲವು ನೂರು ರೂಪಾಯಿ ಸಾಕು. ಫೋಟೋ ಇನ್ನೊಬ್ಬರ ಸೈಟಿನಿಂದ ಎತ್ತಿದ್ದು. ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರ ಇದ್ದರೆ ಸಾಚಾ ಎಂದು ನಾವು ತಿಳಿದಿದ್ದೆವು. ನಮಗೂ ಆ ಸೈಟಿಗೂ ನಡುವೆ ಹೋಗುವ ಮಾತನ್ನು ಮೂರನೆಯವನು ಓದಲಾರ ಎಂದಷ್ಟೇ ಆ ಬೀಗದ ಅರ್ಥ. ಸೈಟು ಕಳ್ಳನದ್ದೇ ಆದರೆ ಬೀಗವೂ ಕಳ್ಳನದ್ದೇ.

ಸ್ಯಾಂಪಲ್: ಅರ್ಧ ಕಿಲೋ ಗೋಡಂಬಿಯನ್ನು ಅಂಗಡಿಯಿಂದ ಕೊಂಡು ಕಳಿಸಿದರೆ ಮುನ್ನೂರು ನಾಲ್ಕುನೂರು ರೂಪಾಯಿ. ಮೀನು ಹಿಡಿಯುವವನು ಎರೆಹುಳುವಿಗೆ ಖರ್ಚು ಮಾಡದೆ ಇರುತ್ತಾನೆಯೆ?

ಭಾಷೆ: ಇದು ನಮಗೆ ಎಲ್ಲಕ್ಕಿಂತ ನೋವಿನ ವಿಷಯ. ಪರವೂರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಅರ್ಧ ಗೋಡೆ ತಾನಾಗಿ ಬೀಳುತ್ತದೆ. ಅವನು ಅದನ್ನು ತಿಳಿದೇ ಬಂದಿದ್ದ.

ನಮ್ಮ ಹೆಸರು: ಕೊನೆಗೆ ಅವನು ಎರವಲು ಪಡೆದದ್ದು ನಮ್ಮನ್ನೇ. ಆ ಇಬ್ಬರು ಹೋಟೆಲಿನವರು ವೆಬ್‌ಸೈಟ್ ನೋಡಲಿಲ್ಲ, ನಂಬರ್ ಕೇಳಲಿಲ್ಲ. 'ನೀವು ಹೇಳಿದ ಮೇಲೆ ಮುಗಿಯಿತು' ಎಂದು ತಲಾ 31,000ದಷ್ಟು ಕೊಟ್ಟರು. ಮೋಸ ಹೋಗುವವರು ನಾವೇ ಮೋಸಗಾರನ ಬೋರ್ಡು ಆಗಿದ್ದೆವು. ಅವರು ದುಡ್ಡು ವಾಪಸು ಕೇಳಲಿಲ್ಲ. ನಾವೇ ಎರಡು ಕಂತಿನಲ್ಲಿ ಕೊಟ್ಟು ಮುಗಿಸಿದೆವು. ದುಡ್ಡಿನ ಕಥೆ ಮುಗಿಯಿತು. ಆದರೆ ಈಗ ಯಾರಾದರೂ 'ಒಳ್ಳೆ ಪಾರ್ಟಿ ಇದ್ದರೆ ಹೇಳಿ' ಎಂದರೆ ನಮ್ಮ ಬಾಯಿ ಬೇಗ ಬರುವುದಿಲ್ಲ.

ಲಂಡನ್ನಿನ ಹೋಟೆಲು, ಛತ್ತೀಸ್‌ಗಢದ ಬ್ಯಾಂಕು

ನಾವು ಮಾತ್ರ ದಡ್ಡರೋ ಎಂದು ಬೇಸರವಾಗಿದ್ದಾಗ ಮಗಳು ಒಂದು ಸಂಗತಿ ಓದಿ ಹೇಳಿದಳು. 2017ರಲ್ಲಿ ಲಂಡನ್ನಿನ ಡಲ್ವಿಚ್ ಎಂಬಲ್ಲಿ ಊಬಾ ಬಟ್ಲರ್ ಎಂಬ ಪತ್ರಕರ್ತ ತನ್ನ ಮನೆಯ ಶೆಡ್ಡಿನ ಹೆಸರಿನಲ್ಲಿ ಒಂದು ಸುಳ್ಳು ರೆಸ್ಟೋರೆಂಟನ್ನು ಟ್ರಿಪ್‌ಅಡ್ವೈಸರ್‌ನಲ್ಲಿ ಸೇರಿಸಿದ. ಒಲೆ ಇಲ್ಲ, ಭಟ್ಟರಿಲ್ಲ, ಗಿರಾಕಿ ಇಲ್ಲ. ಇದ್ದದ್ದು ಒಂದು ಅಗ್ಗದ ಫೋನು, ಒಂದು ವೆಬ್‌ಸೈಟು, ಸ್ನೇಹಿತರು ಬರೆದ ಹೊಗಳಿಕೆ. ತಿಂಡಿಯ ಫೋಟೋಗಳಲ್ಲಿ ಶೇವಿಂಗ್ ಕ್ರೀಮ್ ಮುಂತಾದವನ್ನು ತಿನಿಸಿನಂತೆ ಅಲಂಕರಿಸಿ ತೆಗೆದಿದ್ದ. ಫೋನ್ ಮಾಡಿದವರಿಗೆಲ್ಲ 'ಟೇಬಲ್ ಭರ್ತಿ' ಎಂದ. ಮೊದಲಿಗೆ ಲಂಡನ್ನಿನ ಪಟ್ಟಿಯಲ್ಲಿ 18,149ನೇ ಸ್ಥಾನದಲ್ಲಿದ್ದ ಆ ಇಲ್ಲದ ಹೋಟೆಲು ಅದೇ ವರ್ಷದ ನವೆಂಬರ್ 1ಕ್ಕೆ ಒಂದನೇ ಸ್ಥಾನಕ್ಕೆ ಬಂತು! ಅವನು ದುಡ್ಡು ಹೊಡೆಯಲು ಹೊರಟವನಲ್ಲ, ಲೋಕಕ್ಕೆ ತೋರಿಸಲು ಮಾಡಿದ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಇಡ್ಲಿ ಹಿಟ್ಟು ನೋಡುವ ನಮಗೆ ಇದನ್ನು ಕೇಳಿ ನಗು ಬಂತು, ಆಮೇಲೆ ಭಯವೂ ಆಯಿತು.

ನಮ್ಮ ದೇಶದಲ್ಲೂ ಕಡಿಮೆ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಛತ್ತೀಸ್‌ಗಢದ ಸಕ್ತಿ ಜಿಲ್ಲೆಯ ಛಪೋರಾ ಎಂಬ ಹಳ್ಳಿಯಲ್ಲಿ ಸ್ಟೇಟ್ ಬ್ಯಾಂಕಿನ ಹೆಸರಿನ ನಕಲಿ ಶಾಖೆಯೇ ಸಿಕ್ಕಿಬಿತ್ತು. ಬಾಡಿಗೆ ಕಟ್ಟಡ, ಹೊಸ ಕುರ್ಚಿ ಮೇಜು, ಕೌಂಟರ್, ಕೆಲಸದವರು ಎಲ್ಲ ಇದ್ದರು. ಆ ಕೆಲಸದವರೇ ನಿಜವಾದ ನೌಕರಿ ಎಂದು ನಂಬಿ ಲಕ್ಷಗಟ್ಟಲೆ ಕೊಟ್ಟು ಸೇರಿದ್ದರು. ಅಂದರೆ ಒಳಗೆ ಕೂತವನ ಮುಖದಲ್ಲಿ ಕಳ್ಳತನ ಹುಡುಕಿದರೆ ಸಿಗದು. ಅವನಿಗೇ ಗೊತ್ತಿಲ್ಲ! ಸಂಶಯ ಬಂದ ಊರಿನವನೊಬ್ಬ ಹತ್ತಿರದ ನಿಜವಾದ ಶಾಖೆಗೆ ಹೋಗಿ ತಿಳಿಸಿದ ಮೇಲೆ ಬಣ್ಣ ಬಯಲಾಯಿತು. ಗಮನಿಸಿ, ಅವನು ನಕಲಿ ಶಾಖೆಯಲ್ಲೇ ಕೂತು ಕಾಗದ ಪರೀಕ್ಷೆ ಮಾಡುತ್ತ ಇರಲಿಲ್ಲ. ಬೇರೆ ಬಾಗಿಲು ತಟ್ಟಿದ. ಇದೇ ಉಪಾಯ.

ಗಿರಾಕಿಯ ವೇಷದಲ್ಲಿ

ಮಾರುವವನಂತೆ ಕೊಳ್ಳುವವನೂ ನಕಲಿ ಆಗಿರಬಹುದು. 'ಮಿಲಿಟರಿ ಕ್ಯಾಂಪಿನಿಂದ ಮಾತಾಡುವುದು, 60 ಊಟ ಪಾರ್ಸೆಲ್ ಬೇಕು' ಎಂದು ಹಿಂದಿಯಲ್ಲಿ ಫೋನ್ ಬರುತ್ತದೆ. ಯೂನಿಫಾರ್ಮಿನ ಫೋಟೋ, ಐಡೆಂಟಿಟಿ ಕಾರ್ಡಿನ ಫೋಟೋ ಬರುತ್ತದೆ. ಇಲ್ಲಿ ಎರವಲು ತಂದದ್ದು ಸೈನ್ಯದ ಮೇಲೆ ನಮಗಿರುವ ಗೌರವ. ಊಟ ಕಟ್ಟಿ ಇಟ್ಟ ಮೇಲೆ 'ನಮ್ಮ ಪದ್ಧತಿ ಬೇರೆ' ಎಂದು ಒಂದು ಕ್ಯೂಆರ್ ಕೋಡ್ ಕಳಿಸುತ್ತಾನೆ. ಮೊದಲು ಐದೋ ಹತ್ತೋ ರೂಪಾಯಿ ನಿಜವಾಗಿ ಜಮಾ ಮಾಡಿ ನಂಬಿಸುವುದೂ ಉಂಟು. ಆಮೇಲೆ 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತದೆ' ಎನ್ನುತ್ತಾನೆ. ಗಲ್ಲೆಯಲ್ಲಿ ಕೂತ ಹುಡುಗ 60 ಊಟ ಹಾಳಾಗುತ್ತದಲ್ಲ ಎಂಬ ಗಾಬರಿಯಲ್ಲಿ ಪಿನ್ ಒತ್ತುತ್ತಾನೆ. ಯುಪಿಐಯಲ್ಲಿ ಪಿನ್ ಬೇಕಾಗುವುದು ನಮ್ಮ ಖಾತೆಯಿಂದ ದುಡ್ಡು ಹೋಗಲು, ಬರಲು ಅಲ್ಲ. ಈ ಒಂದು ಮಾತನ್ನು ಪ್ರತಿ ಕ್ಯಾಷಿಯರಿಗೂ, ಮಾಣಿಗೂ ಬಾಯಿಪಾಠ ಮಾಡಿಸಿ.

ದೊಡ್ಡ ಹೆಸರುಗಳ ಏಜೆನ್ಸಿ, ಫ್ರಾಂಚೈಸಿ ಕೊಡುತ್ತೇವೆ ಎನ್ನುವ ನಕಲಿ ಸೈಟುಗಳೂ ಹಾಗೆಯೇ. ಅಮುಲ್ ಹೆಸರಿನಲ್ಲಿ ಡೀಲರ್‌ಶಿಪ್, ಫ್ರಾಂಚೈಸಿ ಎಂದು ದುಡ್ಡು ಕೀಳುತ್ತಿದ್ದ ಸೈಟುಗಳ ವಿರುದ್ಧ ಆ ಸಂಸ್ಥೆಯವರೇ 2020ರಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮಗನಿಗೊಂದು ದಾರಿ ಮಾಡಿಕೊಡೋಣ ಎಂದು ಹೊರಟ ಹಿರಿಯರು ಇಂಥದ್ದರಲ್ಲಿ ಉಳಿತಾಯ ಕಳೆದುಕೊಳ್ಳುತ್ತಾರೆ.

ನಮ್ಮ ಬೋರ್ಡಿಗೂ ಬೆಲೆ ಉಂಟು. ಹೆಸರುವಾಸಿ ಹೋಟೆಲುಗಳ ಹೆಸರಿನಲ್ಲಿ 'ಒಂದು ಥಾಲಿಗೆ ಒಂದು ಫ್ರೀ' ಎಂದು ಫೇಸ್‌ಬುಕ್ಕಿನಲ್ಲಿ ಸುಳ್ಳು ಜಾಹೀರಾತು ಹಾಕಿ ಗಿರಾಕಿಗಳ ಕಾರ್ಡಿನಿಂದ ದುಡ್ಡು ಎತ್ತಿದ ಪ್ರಕರಣಗಳು ಆಗಿವೆ. ಗಿರಾಕಿ ಬಂದು ಜಗಳ ಮಾಡುವುದು ನಮ್ಮ ಗಲ್ಲೆಯಲ್ಲಿ. ಆದ್ದರಿಂದ ತಿಂಗಳಿಗೊಮ್ಮೆ ನಮ್ಮ ಹೋಟೆಲಿನ ಹೆಸರನ್ನು ಗೂಗಲ್‌ನಲ್ಲಿ ಹಾಕಿ ನೋಡಬೇಕು. ಮ್ಯಾಪಿನಲ್ಲಿರುವ ಫೋನ್ ನಂಬರ್ ನಮ್ಮದೇ ಹೌದೇ ಎಂದು ಪರೀಕ್ಷಿಸಬೇಕು. ಅದನ್ನು ಬದಲಿಸಲು ಹೊರಗಿನವರೂ ಸಲಹೆ ಹಾಕಬಹುದು. ಆ ಲಿಸ್ಟಿಂಗನ್ನು ಮಾಲೀಕರ ಹೆಸರಿನಲ್ಲಿ ನಮ್ಮ ಕೈಗೆ ತೆಗೆದುಕೊಂಡಿರುವುದು ಒಳ್ಳೆಯದು.

ಪರೀಕ್ಷೆ ಮಾಡುವುದು ಹೇಗೆ?

1. ಅವನು ಕೊಟ್ಟ ನಂಬರಿಗೆ ಫೋನ್ ಮಾಡಿ ಅವನನ್ನೇ ವಿಚಾರಿಸಬೇಡಿ. ಕಂಪನಿಯ ನಂಬರನ್ನು ಹಳೆಯ ಬಿಲ್ಲು, ವ್ಯಾಪಾರಿ ಸಂಘ, ಊರಿನ ಪರಿಚಯಸ್ಥರಿಂದ ನೀವೇ ಹುಡುಕಿ. ವಿಳಾಸಕ್ಕೆ ಒಬ್ಬರನ್ನು ಕಳಿಸಿ. ಪ್ರತಿ ಊರಿನಲ್ಲೂ ನಮಗೆ ಒಬ್ಬ ಭಾವನೋ, ಮಾವನೋ, ಹೋಟೆಲಿನವನೋ ಇದ್ದೇ ಇರುತ್ತಾನೆ. ಇದು ನಮ್ಮ ದೊಡ್ಡ ಆಸ್ತಿ.

2. ಜಿಎಸ್‌ಟಿ ನಂಬರನ್ನು ಪೋರ್ಟಲಿನ 'ಸರ್ಚ್ ಟ್ಯಾಕ್ಸ್‌ಪೇಯರ್'ನಲ್ಲಿ ನೋಡಿ, ಲಾಗಿನ್ ಬೇಕಿಲ್ಲ. ನಂಬರಿಗೆ 15 ಅಕ್ಷರ. ಮೊದಲ ಎರಡು ರಾಜ್ಯದ್ದು: ಕರ್ನಾಟಕ 29, ಮಹಾರಾಷ್ಟ್ರ 27, ತಮಿಳುನಾಡು 33, ತೆಲಂಗಾಣ 36, ದೆಹಲಿ 07. ಮುಂದಿನ ಹತ್ತು ಅವರ ಪ್ಯಾನ್. ಪ್ಯಾನಿನ ನಾಲ್ಕನೇ ಅಕ್ಷರ 'ಸಿ' ಇದ್ದರೆ ಕಂಪನಿ, 'ಎಫ್' ಇದ್ದರೆ ಪಾಲುದಾರಿಕೆ, 'ಪಿ' ಇದ್ದರೆ ಒಬ್ಬ ವ್ಯಕ್ತಿ. 'ಪ್ರೈವೇಟ್ ಲಿಮಿಟೆಡ್' ಎಂದು ಹೇಳಿ 'ಪಿ' ಬಂದರೆ ಅಲ್ಲಿಗೇ ನಿಲ್ಲಿ. ನೋಂದಣಿಯಾದ ದಿನ, ರಿಟರ್ನ್ ತುಂಬಿದ್ದಾರೆಯೆ ಎಂಬುದನ್ನೂ ನೋಡಿ. ಎಲ್ಲ ಸರಿ ಇದ್ದರೂ ಮೇಲಿನ ಒಂದನೇ ಪರೀಕ್ಷೆ ಬಿಡಬೇಡಿ.

3. ತಿನ್ನುವ ಮಾಲಿಗೆ ಎಫ್‌ಎಸ್‌ಎಸ್‌ಎಐ ನಂಬರ್ ಕೇಳಿ. ಅದು 14 ಅಂಕಿ. ಫಾಸ್ಕಾಸ್ ಪೋರ್ಟಲಿನಲ್ಲಿ ಹೆಸರು, ವಿಳಾಸ ನೋಡಿ ಜಿಎಸ್‌ಟಿಯ ವಿಳಾಸದೊಂದಿಗೆ ತಾಳೆ ಹಾಕಿ.

4. ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ? ನಮಗೆ ಕೊಟ್ಟ ಖಾತೆ ಯಾವನೋ ಬೇರೆಯವನದ್ದು. 'ಪಾರ್ಟ್‌ನರ್ ಖಾತೆ' ಎಂದಿದ್ದ. ನೆಫ್ಟ್‌ನಲ್ಲಿ ದುಡ್ಡು ಹೋಗುವುದು ಖಾತೆ ನಂಬರ್ ನೋಡಿ, ನಾವು ಬರೆದ ಹೆಸರು ನೋಡಿ ಅಲ್ಲ. ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರ ಏಪ್ರಿಲ್ 1ರಿಂದ ನೆಫ್ಟ್, ಆರ್‌ಟಿಜಿಎಸ್ ಕಳಿಸುವ ಮುಂಚೆ ಖಾತೆದಾರನ ಹೆಸರು ನೋಡುವ ಸೌಲಭ್ಯ ಬಂದಿದೆ. ಅದನ್ನು ಉಪಯೋಗಿಸಿ. ಬಿಲ್ಲಿನ ಹೆಸರು, ಖಾತೆಯ ಹೆಸರು ಬೇರೆ ಬೇರೆ ಆದರೆ ಒಂದು ರೂಪಾಯಿಯೂ ಬೇಡ.

5. ಮಾಲು ಹೊರಟಿತು ಎಂದರೆ ಬಿಲ್ಟಿಯ ಫೋಟೋ ಸಾಲದು. 50,000 ರೂಪಾಯಿ ಮೀರಿದ ಮಾಲು ಹೊರ ರಾಜ್ಯದಿಂದ ಬರಲು ಇ-ವೇ ಬಿಲ್ ಬೇಕು. ಅದು ನಮ್ಮ ಜಿಎಸ್‌ಟಿ ನಂಬರಿಗೆ ನಿಜವಾಗಿ ಆಗಿದ್ದರೆ ಇ-ವೇ ಬಿಲ್ ಪೋರ್ಟಲಿನಲ್ಲಿ ನಮ್ಮ ಲಾಗಿನ್‌ನಲ್ಲೂ ಕಾಣುತ್ತದೆ. ಜಿಎಸ್‌ಟಿ ನಂಬರ್ ಕದಿಯಬಹುದು, ಅದರ ಪಾಸ್‌ವರ್ಡ್ ಕದಿಯುವುದು ಅಷ್ಟು ಸುಲಭವಲ್ಲ.

6. ಸರಕಾರಿ ಕೆಲಸದ ಸೈಟಿನ ಹೆಸರು ಸಾಮಾನ್ಯವಾಗಿ 'ಡಾಟ್ ಜಿಓವಿ ಡಾಟ್ ಇನ್' ಎಂದು ಮುಗಿಯುತ್ತದೆ. ನಡುವೆ 'ಜಿಓವಿ' ಎಂದು ತುರುಕಿ ಕೊನೆಗೆ ಬೇರೆ ಬಾಲ ಇದ್ದರೆ ಅದು ಸರಕಾರದ್ದಲ್ಲ.

7. ಅವಸರ ಮಾಡಿದರೆ ನೀವು ನಿಧಾನ ಮಾಡಿ. 'ಇವತ್ತು ಸಂಜೆಯೊಳಗೆ', 'ರೇಟು ನಾಳೆ ಏರುತ್ತದೆ', 'ಲಾರಿ ನಿಂತಿದೆ' ಎನ್ನುವವನಿಗೆ 'ನಾಳೆ ಹೇಳುತ್ತೇವೆ' ಎನ್ನಿ. ಅಸಲಿ ವ್ಯಾಪಾರಿ ಒಂದು ದಿನ ಕಾಯುತ್ತಾನೆ. ಹೊಸ ಪಾರ್ಟಿಯ ಜೊತೆ ಮೊದಲ ವ್ಯವಹಾರ ಮಾಲು ತೂಗಿದ ಮೇಲೆಯೇ ದುಡ್ಡು ಎಂಬ ಕರಾರಿನಲ್ಲಿರಲಿ.

ಮೋಸ ಆಗಿಯೇ ಹೋದರೆ

ಇಲ್ಲಿ ನಾವು ಮಾಡಿದ ಎರಡನೇ ತಪ್ಪನ್ನು ಹೇಳಲೇಬೇಕು. ವಿಷಯ ತಿಳಿದ ದಿನ ನಾವು ಯಾರಿಗೂ ಹೇಳಲಿಲ್ಲ. ಮೂವತ್ತು ವರ್ಷ ಗಲ್ಲೆಯಲ್ಲಿ ಕೂತವರು ಮೋಸ ಹೋದೆವು ಎಂದರೆ ಜನ ನಗುತ್ತಾರೆ ಎಂದು ಎರಡು ದಿನ ಸುಮ್ಮನಿದ್ದೆವು. ಮೂರನೇ ದಿನ ಮಗಳು ಕೈಹಿಡಿದು ದೂರು ಕೊಡಿಸಿದಳು. ಆ ಹೊತ್ತಿಗೆ ಆ ಖಾತೆಯಲ್ಲಿ ಉಳಿದದ್ದು ಚಿಲ್ಲರೆ ಮಾತ್ರ. ಉಳಿದದ್ದು ಖಾತೆಯಿಂದ ಖಾತೆಗೆ ಹಾರಿ ಹೋಗಿತ್ತು.

1930 ಎಂಬ ಸೈಬರ್ ಸಹಾಯವಾಣಿ ಇದೆ. ಸೈಬರ್ ಕ್ರೈಮ್ ಪೋರ್ಟಲ್ ಕೂಡ ಇದೆ. ಕೂಡಲೇ ತಿಳಿಸಿದರೆ ದುಡ್ಡು ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಯುವ ಅವಕಾಶ ಇರುತ್ತದೆ. ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಿ. ವಾಟ್ಸ್ಯಾಪ್ ಮಾತು, ಬಿಲ್ಲು, ಹಣ ಕಳಿಸಿದ ನಂಬರ್ ಯಾವುದನ್ನೂ ಅಳಿಸಬೇಡಿ. ಮುಂಬಯಿಯಲ್ಲಿ ನಾವೆಲ್ಲ 'ಚಾರ್ ಸೌ ಬೀಸ್' ಎಂದು ಬೈಯುತ್ತಿದ್ದ ಆ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318 ಆಗಿದೆ. ನಂಬರ್ ಬದಲಾಯಿತು, ಗುಣ ಬದಲಾಗಲಿಲ್ಲ.

ಕೊನೆಯ ಮಾತು

ನಾವು ಬಾಯಿ ಮುಚ್ಚಿ ಕೂತ ಆ ಎರಡು ದಿನಗಳಲ್ಲಿ ಅವನು ಇನ್ನೆಷ್ಟು ಜನರಿಗೆ ಫೋನ್ ಮಾಡಿರಬಹುದೋ ಎಂದು ಈಗಲೂ ಅನಿಸುತ್ತದೆ. ಊರಿನ ಆ ಹಿರಿಯ ಗೋಡಂಬಿ ವ್ಯಾಪಾರಿಯ ಬಳಿಗೆ ನಮಗಿಂತ ಮುಂಚೆ ಮೂವರು ಹೋಗಿದ್ದರು. ಅವರಲ್ಲಿ ಒಬ್ಬರಾದರೂ ನಾಲ್ಕು ಜನರ ಮುಂದೆ ಹೇಳಿದ್ದರೆ ನಾವು ಉಳಿಯುತ್ತಿದ್ದೆವು. ಆದ್ದರಿಂದ ಯಾರಿಗೆ ಇಂಥದ್ದು ಆದರೂ ಸಂಘದ ಮೀಟಿಂಗಿನಲ್ಲಿ ಎದ್ದುನಿಂತು ಹೇಳಿ. ಕೇಳುವವರು ನಗಬೇಡಿ. ಮರ್ಯಾದೆ ಹೋಗುವುದು ಮೋಸ ಮಾಡಿದವನದ್ದು, ಹೋದವನದ್ದಲ್ಲ.

ಅಂದಹಾಗೆ, ಮರುವರ್ಷದಿಂದ ನಮ್ಮ ಗೋಡಂಬಿ ಆ ಹಿರಿಯರ ಹತ್ತಿರದಿಂದಲೇ ಬರುತ್ತಿದೆ. ಮೊದಲ ಸಲ ಅವರೇ ಹೇಳಿದರು: 'ಮಾಲು ಇಳಿಸಿಕೊಂಡು, ತೂಗಿ, ಆಮೇಲೆ ದುಡ್ಡು ಹಾಕಿ.'

ಎಲ್ಲರಿಗೂ ಶುಭವಾಗಲಿ. ಗಲ್ಲೆ ತುಂಬಿರಲಿ, ಕಣ್ಣು ತೆರೆದಿರಲಿ.